ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಬಂತೇ? ಕತ್ತಿನ ಆಪರೇಷನ್‌ಗೆ ಮೊದಲು ಮನೆತನದ ಪಟ್ಟಿ ಬರೆಯಿರಿ

ಅಮ್ಮನ ಕ್ಯಾಲ್ಸಿಯಂ 10.9 ಅಂತ ಗೊತ್ತಾಗಿದ್ದು ಮಂಡಿನೋವಿಗೆ ತೋರಿಸಲು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋದಾಗ. ಲ್ಯಾಬಿನವರು ಆ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ನಡೆಯಿತು. ಇನ್ನೊಂದು ರಕ್ತಪರೀಕ್ಷೆ, ಕತ್ತಿನ ಸ್ಕ್ಯಾನ್, ‘ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಇರಬಹುದು, ತೆಗೆಸಿಬಿಡಿ’ ಅನ್ನುವ ಸಲಹೆ. ಸ್ಕ್ಯಾನಿನಲ್ಲಿ ಗಡ್ಡೆ ಸರಿಯಾಗಿ ಕಂಡಿರಲಿಲ್ಲ. ಆದರೂ ಆಪರೇಷನ್‌ಗೆ ದಿನ ಗೊತ್ತಾಯಿತು.

ಹಿರಿಯ ವೈದ್ಯರೊಬ್ಬರಿಗೆ ಒಮ್ಮೆ ತೋರಿಸೋಣ ಅಂತ ಹೋದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ಮ ತಮ್ಮ, ತಂಗಿಯರ ಕ್ಯಾಲ್ಸಿಯಂ ಯಾವತ್ತಾದರೂ ನೋಡಿಸಿದ್ದೀರಾ ಅಮ್ಮ?’

ಯಾರೂ ನೋಡಿಸಿರಲಿಲ್ಲ. ಮುಂದಿನ ಆರು ತಿಂಗಳಲ್ಲಿ ನಾವು ಕಲಿತಿದ್ದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಯಾವ ಮಾತ್ರೆಯನ್ನೂ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ, ಶುರು ಮಾಡಲೂ ಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಏನನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕು ಅನ್ನುವುದು ಗೊತ್ತಿರಲಿ, ಅಷ್ಟಕ್ಕೇ ಈ ಬರಹ.

ಮೊದಲೇ ಒಂದು ಎಚ್ಚರಿಕೆ. ಕ್ಯಾಲ್ಸಿಯಂ 12 ದಾಟಿದ್ದು, ಜೊತೆಗೆ ವಾಂತಿ, ತುಂಬಾ ಬಾಯಾರಿಕೆ, ಪದೇ ಪದೇ ಮೂತ್ರ, ಮಂಪರು, ಮಾತಿನಲ್ಲಿ ಗೊಂದಲ ಇದ್ದರೆ ಈ ಲೇಖನ ಪಕ್ಕಕ್ಕಿಡಿ. ಆಸ್ಪತ್ರೆಗೆ ಹೊರಡಿ. 14 ದಾಟಿದ್ದರೆ ಲಕ್ಷಣ ಇಲ್ಲದಿದ್ದರೂ ಹೊರಡಿ.

ಅಂಕಿ ನಿಜವೇ ಅಂತ ಮೊದಲು ನೋಡಿ

ಸಾಮಾನ್ಯವಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಕೆಲವು ರಿಪೋರ್ಟುಗಳಲ್ಲಿ 2.6, 2.7 ಅಂತ ಇರುತ್ತದೆ, ಗಾಬರಿ ಬೇಡ. ಅದು ಮಿಲಿಮೋಲ್ ಲೆಕ್ಕ. 4ರಿಂದ ಗುಣಿಸಿದರೆ ನಮ್ಮ ಅಂಕಿ ಬರುತ್ತದೆ.

ರಕ್ತದ ಕ್ಯಾಲ್ಸಿಯಂನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಅಲ್ಬುಮಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಅಲ್ಬುಮಿನ್ ಕಡಿಮೆ ಇದ್ದವರಿಗೆ ಕ್ಯಾಲ್ಸಿಯಂ ಸುಮ್ನೆ ಕಡಿಮೆ ಕಾಣುತ್ತದೆ. ಲೆಕ್ಕ ಸುಲಭ. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಸೇರಿಸಿ. ಕ್ಯಾಲ್ಸಿಯಂ 8.2, ಅಲ್ಬುಮಿನ್ 3.0 ಇದ್ದರೆ ಸರಿಪಡಿಸಿದ ಅಂಕಿ 9.0. ಅಂದರೆ ಸರಿಯಾಗಿಯೇ ಇದೆ. ಅನುಮಾನ ಉಳಿದರೆ ಅಯಾನೀಕೃತ ಕ್ಯಾಲ್ಸಿಯಂ (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವುದು) ಅಂತ ಬೇರೆ ಪರೀಕ್ಷೆ ಇದೆ, ಅದನ್ನು ಮಾಡಿಸಬಹುದು.

ರಕ್ತ ತೆಗೆಯುವ ರೀತಿಯೂ ಮುಖ್ಯ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಸಿಗಲಿಲ್ಲ ಅಂತ ತುಂಬಾ ಹೊತ್ತು ಹಾಗೇ ಬಿಟ್ಟರೆ ಕ್ಯಾಲ್ಸಿಯಂ ಇದ್ದದ್ದಕ್ಕಿಂತ ಜಾಸ್ತಿ ಬರುತ್ತದೆ. ನೀರು ಕುಡಿಯದೆ ಒಣಗಿದ್ದರೂ ಅಷ್ಟೇ. ಅಮ್ಮನದು ಸಣ್ಣ ನರ. ಹುಡುಗಿ ಮೂರು ಸಲ ಚುಚ್ಚಿದ್ದಳು, ಅಷ್ಟೂ ಹೊತ್ತು ಪಟ್ಟಿ ಬಿಗಿದೇ ಇತ್ತು. ಅದಕ್ಕೇ ಎರಡನೇ ಸಲ ಬೆಳಿಗ್ಗೆ, ಚೆನ್ನಾಗಿ ನೀರು ಕುಡಿಸಿ, ಪಟ್ಟಿ ಬೇಗ ಬಿಚ್ಚಿ ಅಂತ ಕೇಳಿಕೊಂಡು ತೆಗೆಸಿದೆವು. ಆಗಲೂ 10.8 ಬಂತು. ಅಂಕಿ ನಿಜವೇ ಆಗಿತ್ತು.

ಒಂದೇ ರಿಪೋರ್ಟ್ ನಂಬಿ ಯಾವ ತೀರ್ಮಾನಕ್ಕೂ ಬರಬೇಡಿ. ಎರಡು ಸಲವಾದರೂ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಎಲೆ ಅಡಿಕೆಯ ಕವಳದ ಡಬ್ಬಿ, ಮಾತ್ರೆ ಡಬ್ಬಿ ಎರಡನ್ನೂ ಡಾಕ್ಟರ ಮೇಜಿನ ಮೇಲಿಡಿ

ಮಲೆನಾಡಿನವರು ಈ ಹೆಜ್ಜೆಯನ್ನು ದಾಟಿ ಹೋಗಲೇಬಾರದು.

ಅಮ್ಮ ದಿನಕ್ಕೆ ಎಂಟು ಕವಳ ಹಾಕುತ್ತಾಳೆ. ಎಲೆಯ ನಾರು ತೆಗೆದು, ಬೆನ್ನ ಮೇಲೆ ತೋರುಬೆರಳಿನಲ್ಲಿ ಸುಣ್ಣ ಸವರುವುದು ಅವಳಿಗೆ ಉಸಿರಾಡಿದಷ್ಟು ಸಹಜ. ‘ಕ್ಯಾಲ್ಸಿಯಂ ಮಾತ್ರೆ ಏನಾದರೂ ತಗೊಳ್ತೀರಾ?’ ಅಂತ ಕೇಳಿದವರಿಗೆಲ್ಲ ‘ಇಲ್ಲ’ ಅಂದಿದ್ದಳು. ಸುಳ್ಳಲ್ಲ. ಸುಣ್ಣವೂ ಕ್ಯಾಲ್ಸಿಯಂ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಜೊತೆಗೆ ಕ್ಷಾರ. ಕ್ಯಾಲ್ಸಿಯಂ ಮತ್ತು ಕ್ಷಾರ ಎರಡೂ ಮಿತಿಮೀರಿ ಒಳಗೆ ಹೋದರೆ ರಕ್ತದ ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿ ಸೋಲುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ ಮಿಲ್ಕ್ ಆಲ್ಕಲಿ ಸಿಂಡ್ರೋಮ್ ಅನ್ನುತ್ತಾರೆ. ಚಿಪ್ಪಿನ ಸುಣ್ಣ ಹಚ್ಚಿದ ಅಡಿಕೆ ಅಗಿಯುವವರಲ್ಲಿ ಇದು ಆಗಿದ್ದನ್ನು ತೈವಾನಿನ ವೈದ್ಯರು 1996ರಲ್ಲೇ ಬರೆದಿದ್ದಾರೆ. ಎಲೆ ಅಡಿಕೆ ಹಾಕುವವರಿಗೆಲ್ಲ ಹೀಗಾಗುತ್ತದೆ ಅಂತಲ್ಲ. ಆದರೆ ದಿನಕ್ಕೆ ಎಷ್ಟು ಕವಳ, ಸುಣ್ಣ ಎಷ್ಟು ಅಂತ ಡಾಕ್ಟರಿಗೆ ಗೊತ್ತಾಗಲೇಬೇಕು.

ಇನ್ನು ಮಾತ್ರೆಗಳು. ವಾರಕ್ಕೊಂದು ಹಾಲಿನಲ್ಲಿ ಕಲಸಿ ಕುಡಿಯುವ ವಿಟಮಿನ್ ಡಿ ಪುಡಿಯಲ್ಲಿ 60 ಸಾವಿರ ಯೂನಿಟ್ ಇರುತ್ತದೆ. ಮೈಕೈ ನೋವು ಅಂದಾಗೆಲ್ಲ ಕೊಡುವ ಡಿ ಇಂಜೆಕ್ಷನ್ನಿನಲ್ಲಿ 6 ಲಕ್ಷ ಯೂನಿಟ್ ಇರಬಹುದು. ಒಂದು ಕಡೆ ಇಂಜೆಕ್ಷನ್, ಇನ್ನೊಂದು ಕಡೆ ಪುಡಿ, ಮನೆಯಲ್ಲಿ ಮಾತ್ರೆ ಅಂತ ಮೂರೂ ಸೇರಿ ಕ್ಯಾಲ್ಸಿಯಂ ಏರಿದವರು ನಮ್ಮ ದೇಶದಲ್ಲಿ ಕಡಿಮೆ ಇಲ್ಲ. ಶಂಖಭಸ್ಮ, ಪ್ರವಾಳ, ಮುತ್ತಿನ ಭಸ್ಮ ಎಲ್ಲದರಲ್ಲೂ ಇರುವುದು ಕ್ಯಾಲ್ಸಿಯಂ. ಬಿಪಿಗೆ ಕೊಡುವ ಥಯಾಜೈಡ್ ಜಾತಿಯ ಮಾತ್ರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ಕಡಿಮೆ ಮಾಡುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಕೂಡ ಕ್ಯಾಲ್ಸಿಯಂ ಏರಿಸುತ್ತದೆ. ಕೂದಲು ಉದುರುತ್ತೆ ಅಂತ ತಗೊಳ್ಳುವ ಬಯೋಟಿನ್ ಕ್ಯಾಲ್ಸಿಯಂ ಏರಿಸುವುದಿಲ್ಲ. ಆದರೆ ಕೆಲವು ಯಂತ್ರಗಳಲ್ಲಿ ಪಿಟಿಎಚ್ (ಮುಂದೆ ಹೇಳುವ ಪ್ಯಾರಾಥೈರಾಯ್ಡ್ ಹಾರ್ಮೋನ್) ಪರೀಕ್ಷೆಯ ಉತ್ತರವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ.

ಹೆಸರು ನೆನಪಿಟ್ಟುಕೊಂಡು ಹೇಳಲು ಹೋಗಬೇಡಿ. ಎಲ್ಲ ಶೀಟುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ಪಿಟಿಎಚ್: ದಾರಿ ಕವಲೊಡೆಯುವುದು ಇಲ್ಲಿ

ಕತ್ತಿನಲ್ಲಿ ಥೈರಾಯ್ಡಿನ ಬೆನ್ನಿಗೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವು ಬಿಡುವ ಹಾರ್ಮೋನೇ ಪಿಟಿಎಚ್. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಪಿಟಿಎಚ್ ಏರಿ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಏರಿದರೆ ಪಿಟಿಎಚ್ ತಗ್ಗಬೇಕು.

ಸಾಮಾನ್ಯ ಮಟ್ಟ ಸುಮಾರು 15ರಿಂದ 65. ಅಮ್ಮನದು 58 ಇತ್ತು. ನಾನು ‘ಅಬ್ಬಾ, ನಾರ್ಮಲ್’ ಅಂದುಕೊಂಡೆ. ತಪ್ಪು ಆಗಿದ್ದು ಅಲ್ಲೇ. ಕ್ಯಾಲ್ಸಿಯಂ ಜಾಸ್ತಿ ಇರುವಾಗ ಪಿಟಿಎಚ್ ಪಾತಾಳಕ್ಕೆ ಇಳಿದಿರಬೇಕಿತ್ತು. ಮನೆ ತುಂಬಾ ಬೆಳಕಿರುವಾಗಲೂ ದೀಪ ಉರಿಯುತ್ತಿದ್ದರೆ ಸ್ವಿಚ್ಚಿನಲ್ಲೇ ಏನೋ ಇದೆ, ಅಲ್ವಾ? ಪಿಟಿಎಚ್ ಅಂಕಿಯನ್ನು ಅದೇ ದಿನದ ಕ್ಯಾಲ್ಸಿಯಂ ಜೊತೆಗಿಟ್ಟೇ ಓದಬೇಕು.

ಕ್ಯಾಲ್ಸಿಯಂ ಜಾಸ್ತಿ ಇದ್ದು ಪಿಟಿಎಚ್ ತೀರಾ ಕಡಿಮೆ ಇದ್ದರೆ, ಗ್ರಂಥಿಗಳ ತಪ್ಪಲ್ಲ. ಸುಣ್ಣ, ವಿಟಮಿನ್ ಡಿ ಅತಿಯಾದದ್ದು, ಕ್ಷಯ, ಕೆಲವು ಕ್ಯಾನ್ಸರ್‌ಗಳ ಕಡೆ ಹುಡುಕಬೇಕು. ಹುಟ್ಟಿನಿಂದ ಬರುವ ಒಂದು ಜೀನ್ (ವಂಶವಾಹಿ) ಕಾರಣವೂ ಇದೆ. ಸಿವೈಪಿ24ಎ1 ಅನ್ನುವ ಜೀನ್ ದೇಹದಲ್ಲಿ ಹೆಚ್ಚಾದ ವಿಟಮಿನ್ ಡಿಯನ್ನು ಒಡೆದುಹಾಕುವ ಕೆಲಸಕ್ಕೆ ಬೇಕು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುವ ಅದರ ಎರಡು ಪ್ರತಿಗಳೂ ಕೆಟ್ಟಿದ್ದರೆ, ಬೇರೆಯವರಿಗೆ ಏನೂ ಆಗದ ಪ್ರಮಾಣದ ವಿಟಮಿನ್ ಡಿ ಕೂಡ ಇವರ ಕ್ಯಾಲ್ಸಿಯಂ ಏರಿಸುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟಿಸುತ್ತದೆ.

ಪಿಟಿಎಚ್ ಜಾಸ್ತಿ ಇದ್ದರೆ ಅಥವಾ ಅಮ್ಮನ ಹಾಗೆ ಇಳಿಯದೆ ನಿಂತಿದ್ದರೆ ಮುಖ್ಯವಾಗಿ ಎರಡು ದಾರಿ. ಒಂದು, ಗ್ರಂಥಿಯಲ್ಲಿ ನಿಜವಾದ ಗಡ್ಡೆ. ಅದಕ್ಕೆ ಆಪರೇಷನ್ನೇ ಔಷಧ. ಬಿಟ್ಟರೆ ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ. ಇನ್ನೊಂದು, ಮನೆತನದಲ್ಲಿ ಇಳಿದು ಹುಟ್ಟಿನಿಂದ ಬಂದ ಒಂದು ಸ್ವಭಾವ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮೂತ್ರದಲ್ಲಿ ಕಡಿಮೆ. ಅದರ ಪೂರ್ತಿ ಹೆಸರು ಫೆಮಿಲಿಯಲ್ ಹೈಪೊಕ್ಯಾಲ್ಸಿಯೂರಿಕ್ ಹೈಪರ್‌ಕ್ಯಾಲ್ಸೀಮಿಯಾ. ಡಾಕ್ಟರುಗಳು ಎಫ್‌ಎಚ್‌ಎಚ್ ಅನ್ನುತ್ತಾರೆ. 1972ರಲ್ಲಿ ಇದನ್ನು ಮೊದಲು ಬೇರೆಯಾಗಿ ಗುರುತಿಸಿದರು.

ಆ ಹಿರಿಯ ವೈದ್ಯರು ಅಮ್ಮನಿಗೆ ಇದನ್ನು ಸಾರಿನ ಉಪ್ಪಿಗೆ ಹೋಲಿಸಿ ಹೇಳಿದರು. ರುಚಿ ನೋಡುವವಳ ನಾಲಿಗೆ ಸ್ವಲ್ಪ ಮಂದ ಇದ್ದರೆ ಒಂದು ಚಿಟಿಕೆ ಉಪ್ಪು ಜಾಸ್ತಿಯೇ ಬೀಳುತ್ತದೆ. ಅವಳ ನಾಲಿಗೆಗೆ ಅದೇ ಹದ. ದೇಹದಲ್ಲಿ ಕ್ಯಾಲ್ಸಿಯಂ ರುಚಿ ನೋಡುವ ನಾಲಿಗೆ ಅಂದರೆ ಕ್ಯಾಲ್ಸಿಯಂ ಸೆನ್ಸಿಂಗ್ ರಿಸೆಪ್ಟರ್. 1993ರಲ್ಲಿ ಇದು ಪತ್ತೆಯಾಯಿತು. ಪ್ಯಾರಾಥೈರಾಯ್ಡಿನಲ್ಲೂ ಇದೆ, ಕಿಡ್ನಿಯಲ್ಲೂ ಇದೆ. ಇದನ್ನು ಕಟ್ಟುವ ಜೀನಿನ ಹೆಸರು ಸಿಎಎಸ್‌ಆರ್, 3ನೇ ಕ್ರೋಮೋಸೋಮಿನಲ್ಲಿದೆ. ಆ ಜೀನಿನ ಒಂದು ಪ್ರತಿಯಲ್ಲಿ ಬದಲಾವಣೆ ಇದ್ದರೆ ನಾಲಿಗೆ ಮಂದವಾಗುತ್ತದೆ. ಕ್ಯಾಲ್ಸಿಯಂ ಜಾಸ್ತಿ ಇದ್ದರೂ ಗ್ರಂಥಿಗೆ ಅದು ಸಾಕಷ್ಟು ಅನ್ನಿಸುತ್ತದೆ. ಕಿಡ್ನಿಯೂ ಕ್ಯಾಲ್ಸಿಯಂ ಹೊರಗೆ ಬಿಡುವುದಿಲ್ಲ.

‘ಹಾಗಾದ್ರೆ ಆಪರೇಷನ್ ಮಾಡಿದ್ರೆ ಎಂತ ಆಗ್ತಿತ್ತು?’ ಅಂತ ಅಮ್ಮ ಕೇಳಿದಳು. ‘ಒಂದು ಗ್ರಂಥಿ ತೆಗೆದರೆ ಉಳಿದ ಮೂರರ ನಾಲಿಗೆಯೂ ಮಂದವೇ ಅಮ್ಮ. ಕ್ಯಾಲ್ಸಿಯಂ ಮತ್ತೆ ಅಲ್ಲಿಗೇ ಬರುತ್ತದೆ. ನಾಲ್ಕನ್ನೂ ತೆಗೆದರೆ ಜೀವನಪೂರ್ತಿ ಮಾತ್ರೆ ನುಂಗಬೇಕು.’ ಎಫ್‌ಎಚ್‌ಎಚ್ ಇರುವ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಚಿಕಿತ್ಸೆಯೂ ಬೇಕಿಲ್ಲ.

ಪಿಟಿಎಚ್‌ಗೆ ರಕ್ತ ಕೊಡುವಾಗ ಒಂದು ಮಾತು. ಈ ಹಾರ್ಮೋನ್ ಸೆಕೆಯಲ್ಲಿ ಹಾಗೇ ಇಟ್ಟರೆ ಹಾಳಾಗುತ್ತದೆ. ಊರಿನ ಕಲೆಕ್ಷನ್ ಸೆಂಟರಿನಲ್ಲಿ ತೆಗೆದು ಸಂಜೆ ಗಾಡಿಗೆ ಕಳಿಸುವ ಕಡೆಗಿಂತ, ಯಂತ್ರ ಇರುವಲ್ಲಿಗೇ ಹೋಗಿ ಕೊಡುವುದು ಒಳ್ಳೆಯದು.

ಇನ್ನೊಂದು. ಕತ್ತಿನ ಸ್ಕ್ಯಾನ್ ಇರುವುದು ಗಡ್ಡೆ ಎಲ್ಲಿದೆ ಅಂತ ಸರ್ಜನ್‌ಗೆ ತೋರಿಸಲು. ಕಾಯಿಲೆ ಯಾವುದು ಅಂತ ಅದು ಹೇಳುವುದಿಲ್ಲ. ಮೊದಲು ರೋಗ ತೀರ್ಮಾನ ಆಗಬೇಕು, ಆಮೇಲೆ ಸ್ಕ್ಯಾನ್. ನಮಗೆ ಇದು ತಿರುಗುಮುರುಗಾಗಿತ್ತು.

24 ಗಂಟೆಯ ಮೂತ್ರ: ಯಾರಿಗೂ ಇಷ್ಟವಿಲ್ಲದ, ಬಿಡಲೇಬಾರದ ಪರೀಕ್ಷೆ

ಗಡ್ಡೆಯೋ ಎಫ್‌ಎಚ್‌ಎಚ್ಚೋ ಅಂತ ಬೇರ್ಪಡಿಸಲು ಮೂತ್ರದಲ್ಲಿ ಕ್ಯಾಲ್ಸಿಯಂ ಎಷ್ಟು ಹೋಗುತ್ತಿದೆ ಅಂತ ನೋಡಬೇಕು.

ಲ್ಯಾಬಿನವರು ದೊಡ್ಡ ಕ್ಯಾನ್ ಕೊಡುತ್ತಾರೆ. ಬೆಳಿಗ್ಗೆ ಎದ್ದಾಗ ಮಾಡುವ ಮೊದಲ ಮೂತ್ರ ಕ್ಯಾನಿಗೆ ಬೇಡ, ಬಚ್ಚಲಿಗೆ ಹೋಗಲಿ. ಆ ಸಮಯ ಬರೆದಿಡಿ. ಅಲ್ಲಿಂದ ಹಗಲು ರಾತ್ರಿ ಮಾಡಿದ್ದೆಲ್ಲ ಕ್ಯಾನಿಗೆ. ಮರುದಿನ ಬೆಳಿಗ್ಗೆ ಅದೇ ಸಮಯಕ್ಕೆ ಮಾಡಿದ್ದೂ ಕ್ಯಾನಿಗೆ. ಅಲ್ಲಿಗೆ ಮುಗಿಯಿತು. ಕೆಲವು ಲ್ಯಾಬುಗಳು ಕ್ಯಾನಿನ ತಳದಲ್ಲಿ ಸ್ವಲ್ಪ ಆ್ಯಸಿಡ್ ಹಾಕಿರುತ್ತಾರೆ. ಅದನ್ನು ಚೆಲ್ಲಬೇಡಿ, ತೊಳೆಯಬೇಡಿ, ನೇರವಾಗಿ ಅದರೊಳಗೆ ಮೂತ್ರ ಮಾಡಬೇಡಿ. ಮಗ್ಗಿನಲ್ಲಿ ಹಿಡಿದು ನಿಧಾನಕ್ಕೆ ಸುರಿಯಿರಿ.

ಮದುವೆ ಮನೆ, ತೋಟದ ಕೆಲಸ, ಶಿವಮೊಗ್ಗಕ್ಕೆ ಓಡಾಟ ಇರುವ ದಿನ ಇದಕ್ಕೆ ಬೇಡ. ಅಮ್ಮ ಮೊದಲ ಸಲ ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ ಅಲ್ಲೇ ಮುಗಿಸಿ ಬಂದಿದ್ದಳು. ಸಂಜೆ ನೆನಪಾಯಿತು. ಮರುದಿನ ಮತ್ತೆ ಮೊದಲಿನಿಂದ ಶುರು. ಕ್ಯಾನನ್ನು ಹಳೇ ಬಟ್ಟೆಚೀಲದಲ್ಲಿಟ್ಟು ಬೆಳಗಿನ ಬಸ್ಸಿಗೆ ಒಯ್ದೆ. ಸಂಕೋಚ ಪಡಬೇಡಿ, ಲ್ಯಾಬಿನವರಿಗೆ ಇದು ದಿನದ ಕೆಲಸ.

ಕ್ಯಾನ್ ಕೊಡುವಾಗ ಅದೇ ದಿನ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) ಎರಡರ ಪರೀಕ್ಷೆಗೂ ರಕ್ತ ಕೊಡಿ. ಲೆಕ್ಕಕ್ಕೆ ನಾಲ್ಕು ಅಂಕಿ ಬೇಕು. ಮೂತ್ರದ ಕ್ಯಾಲ್ಸಿಯಂ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ. ರಕ್ತದ ಕ್ಯಾಲ್ಸಿಯಂ ಅನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಎಲ್ಲವೂ ಮಿಲಿಗ್ರಾಂ ಲೆಕ್ಕದಲ್ಲೇ ಇರಲಿ.

ಅಮ್ಮನ ಅಂಕಿಗಳು ಹೀಗಿದ್ದವು. ಮೂತ್ರದ ಕ್ಯಾಲ್ಸಿಯಂ 56, ಮೂತ್ರದ ಕ್ರಿಯಾಟಿನಿನ್ 780, ರಕ್ತದ ಕ್ಯಾಲ್ಸಿಯಂ 10.9, ರಕ್ತದ ಕ್ರಿಯಾಟಿನಿನ್ 0.7. 56ನ್ನು 0.7ರಿಂದ ಗುಣಿಸಿದರೆ 39.2. 10.9ನ್ನು 780ರಿಂದ ಗುಣಿಸಿದರೆ 8502. ಭಾಗಿಸಿದರೆ 0.0046.

0.01ಕ್ಕಿಂತ ಕಡಿಮೆ ಬಂದರೆ ಎಫ್‌ಎಚ್‌ಎಚ್ ಕಡೆ ವಾಲುತ್ತದೆ. 0.02ಕ್ಕಿಂತ ಜಾಸ್ತಿ ಬಂದರೆ ಗ್ರಂಥಿಯ ಗಡ್ಡೆಯ ಕಡೆ. ನಡುವೆ ಬಂದರೆ ಎರಡೂ ಇರಬಹುದು. ಈ ಗಡಿ ಗೋಡೆಯಲ್ಲ, ಬೇಲಿ ಮಾತ್ರ. ಎರಡೂ ಕಡೆಯವರು ಆಚೀಚೆ ದಾಟುತ್ತಾರೆ. ಕಿಡ್ನಿ ದುರ್ಬಲ ಇದ್ದರೆ, ಥಯಾಜೈಡ್ ಮಾತ್ರೆ ತಗೊಳ್ಳುತ್ತಿದ್ದರೆ ಈ ಲೆಕ್ಕ ಮೋಸ ಮಾಡುತ್ತದೆ.

ವಿಟಮಿನ್ ಡಿ ಕೊರತೆಯೂ ಮೋಸ ಮಾಡುತ್ತದೆ. ಡಿ ಕಡಿಮೆ ಇದ್ದರೆ ಮೂತ್ರದ ಕ್ಯಾಲ್ಸಿಯಂ ತಾನಾಗಿಯೇ ಇಳಿಯುತ್ತದೆ. ಗಡ್ಡೆ ಇರುವವರೂ ಎಫ್‌ಎಚ್‌ಎಚ್ ಥರ ಕಾಣುತ್ತಾರೆ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ಬಿಸಿಲು ಬಂದರೂ ಮನೆಯೊಳಗೆ, ತೋಟದ ನೆರಳಿನಲ್ಲೇ ದಿನ ಕಳೆಯುತ್ತದೆ. ಅಮ್ಮನ ವಿಟಮಿನ್ ಡಿ 14 ಇತ್ತು. ವೈದ್ಯರು ತಾವೇ ನಿಗಾ ಇಟ್ಟು, ಸಣ್ಣ ಪ್ರಮಾಣದಲ್ಲಿ ಡಿ ಕೊಟ್ಟರು. ಮೂರು ತಿಂಗಳ ನಂತರ ಅದು 34ಕ್ಕೆ ಬಂತು. ಮೇಲೆ ಬರೆದ 0.0046 ಆಮೇಲೆ ಮಾಡಿಸಿದ್ದು. ಕ್ಯಾಲ್ಸಿಯಂ ಜಾಸ್ತಿ ಇರುವವರು ವಿಟಮಿನ್ ಡಿಯನ್ನು ಅಂಗಡಿಯಿಂದ ತಂದು ತಾವಾಗಿ ತಗೊಳ್ಳಲೇಬಾರದು.

ಮನೆತನದ ಪಟ್ಟಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮನ್ನು ಉಳಿಸಿದ್ದು ಇದೇ.

ಒಂದು ದೊಡ್ಡ ಹಾಳೆ ತಗೊಳ್ಳಿ. ನಾವು ಹಳೇ ಗೋಡೆ ಕ್ಯಾಲೆಂಡರಿನ ಹಿಂಬದಿ ಬಳಸಿದೆವು. ಮೂರು ತಲೆಮಾರು ಬರೆಯಿರಿ. ನಮ್ಮ ಭಾಷೆ ಇಲ್ಲಿ ಕೈ ಹಿಡಿಯುತ್ತದೆ. ಸೋದರಮಾವ ಅಂದರೆ ಅಮ್ಮನ ಕಡೆ, ಚಿಕ್ಕಪ್ಪ ಅಂದರೆ ಅಪ್ಪನ ಕಡೆ ಅಂತ ಶಬ್ದವೇ ಹೇಳಿಬಿಡುತ್ತದೆ. ಸುಮ್ನೆ ‘ಮಾವ’, ‘ಅತ್ತೆ’ ಅಂತ ಬರೆದು ಬಿಡಬೇಡಿ. ಗಂಡನ ಅಪ್ಪನೋ, ಅಮ್ಮನ ಅಣ್ಣನೋ ಅಂತ ಬಿಡಿಸಿ ಬರೆಯಿರಿ. ರಕ್ತಸಂಬಂಧದೊಳಗೆ ಮದುವೆ ಆಗಿದ್ದರೆ ಎರಡು ಗೆರೆ ಎಳೆಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ರತಿ ಹೆಸರಿನ ಕೆಳಗೆ ಇವನ್ನು ಕೇಳಿ ಬರೆಯಿರಿ. ಕ್ಯಾಲ್ಸಿಯಂ ಯಾವತ್ತಾದರೂ ನೋಡಿಸಿದ್ದರೇ? ಕಿಡ್ನಿ ಕಲ್ಲು ಇತ್ತೇ? ಕತ್ತಿನ ಆಪರೇಷನ್ ಆಗಿತ್ತೇ, ಆದ ಮೇಲೂ ಕ್ಯಾಲ್ಸಿಯಂ ಇಳಿಯಲಿಲ್ಲವೇ? ದವಡೆ ಮೂಳೆಯಲ್ಲಿ ಗಡ್ಡೆ? ವಾಸಿಯಾಗದ ಹೊಟ್ಟೆಹುಣ್ಣು? ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ? ಥೈರಾಯ್ಡ್ ಕ್ಯಾನ್ಸರ್? ಹುಟ್ಟಿದ ವಾರದೊಳಗೆ ಮಗುವಿಗೆ ಫಿಟ್ಸ್? ಇದರಲ್ಲಿ ಕೆಲವು ಬೇರೆ ಜೀನುಗಳ ಗುರುತು. ಎಂಇಎನ್1 ಜೀನ್ ಕೆಟ್ಟರೆ ಪ್ಯಾರಾಥೈರಾಯ್ಡ್, ಪಿಟ್ಯುಟರಿ, ಪ್ಯಾಂಕ್ರಿಯಾಸ್ ಮೂರರಲ್ಲೂ ಗಡ್ಡೆ ಬರಬಹುದು. ಸಿಡಿಸಿ73 ಕೆಟ್ಟರೆ ದವಡೆಯ ಗಡ್ಡೆ, ಪ್ಯಾರಾಥೈರಾಯ್ಡ್ ಕ್ಯಾನ್ಸರಿನ ಭಯ. ಇವು ಎಫ್‌ಎಚ್‌ಎಚ್‌ನಂತೆ ಸಾಧು ಅಲ್ಲ, ಬೇಗ ಹಿಡಿಯಬೇಕು.

ಕುಟುಂಬದ ಪಟ್ಟಿ ಬರೆದು ರೋಗದ ಜಾಡು ಹಿಡಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಸಾಗರ ತಾಲೂಕಿನ ಹಂದಿಗೋಡಿನ ಹೆಸರಿನಲ್ಲೇ ಒಂದು ಕಾಯಿಲೆ ಇದೆ. ಅದು ಮೂಳೆ ಕೀಲಿನ ಕಾಯಿಲೆ, ಕ್ಯಾಲ್ಸಿಯಂನದ್ದಲ್ಲ. 1970ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ ಗದ್ದೆಗೆ ಹೊಡೆಯುವ ಔಷಧಿಯ ಮೇಲೆ ಅನುಮಾನ ಇತ್ತು. ಮನೆತನಗಳಲ್ಲಿ ಯಾರ್ಯಾರಿಗೆ ಬಂದಿದೆ ಅಂತ ಕೂತು ನೋಡಿದ ಮೇಲೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯುವ ಕಾಯಿಲೆ ಅದು ಅನ್ನುವುದು ಗೊತ್ತಾಯಿತು.

ಎಫ್‌ಎಚ್‌ಎಚ್ ಇಳಿಯುವುದೂ ಹಾಗೇ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಪಟ್ಟಿ ಮುಗಿದ ಮೇಲೆ ಒಡಹುಟ್ಟಿದವರು, ಬದುಕಿರುವ ತಂದೆ ತಾಯಿ, ದೊಡ್ಡ ಮಕ್ಕಳು ಎಲ್ಲರ ಕ್ಯಾಲ್ಸಿಯಂ, ಅಲ್ಬುಮಿನ್ ನೋಡಿಸಿ. ಸಾಮಾನ್ಯ ರಕ್ತಪರೀಕ್ಷೆ, ಯಾವ ಊರಲ್ಲಾದರೂ ಆಗುತ್ತದೆ.

ಹೊಸನಗರದ ಚಿಕ್ಕಮ್ಮ ಮೊದಲು ಒಪ್ಪಲಿಲ್ಲ. ‘ಮನೇಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಮಾರಾಯ್ತಿ, ಇದೆಂತ ವಂಶದ ಕಾಯಿಲೆ ಅಂತ ಊರೆಲ್ಲ ಗೊತ್ತಾದ್ರೆ?’ ಅಂದರು. ಅವರ ಭಯ ಸುಳ್ಳಲ್ಲ. ನಾನು ವಾದ ಮಾಡಲಿಲ್ಲ. ಅಮ್ಮನೇ ಹೋಗಿ, ಎರಡು ದಿನ ಅಲ್ಲಿದ್ದು, ‘ನನ್ನ ಕತ್ತು ಕೊಯ್ಯೋದು ತಪ್ಪಿದ್ದು ಇದರಿಂದ. ನಿಂದೂ ತಪ್ಪಲಿ’ ಅಂದಳು. ಚಿಕ್ಕಮ್ಮನದು 10.7 ಬಂತು. ಶೃಂಗೇರಿಯ ಸೋದರಮಾವನದು 11.0. ಭದ್ರಾವತಿಯ ಇನ್ನೊಬ್ಬ ಚಿಕ್ಕಮ್ಮನದು 9.3.

ಜೀನ್ ಪರೀಕ್ಷೆ ಯಾರಿಗೆ, ಎಲ್ಲಿ

ಎಲ್ಲರಿಗೂ ಬೇಡ. ಮೂತ್ರದ ಲೆಕ್ಕ 0.02ಕ್ಕಿಂತ ಕಡಿಮೆ ಬಂದವರಿಗೆ, 40 ದಾಟುವ ಮೊದಲೇ ಕ್ಯಾಲ್ಸಿಯಂ ಏರಿದವರಿಗೆ, ಮನೆತನದಲ್ಲಿ ಇನ್ನೊಬ್ಬರಿಗೆ ಇದ್ದವರಿಗೆ, ಒಂದಕ್ಕಿಂತ ಹೆಚ್ಚು ಗ್ರಂಥಿ ಊದಿದವರಿಗೆ, ಆಪರೇಷನ್ ಆದರೂ ಕ್ಯಾಲ್ಸಿಯಂ ಇಳಿಯದವರಿಗೆ ಇದು ಉಪಯೋಗ. ಯಾವ ಯಾವ ಜೀನ್ ನೋಡುತ್ತಾರೆ ಅಂತ ಮೊದಲೇ ಕೇಳಿ. ಸಿಎಎಸ್‌ಆರ್ ಜೊತೆಗೆ ಜಿಎನ್‌ಎ11, ಎಪಿ2ಎಸ್1 ಇರಲೇಬೇಕು. ಈ ಎರಡೂ ಎಫ್‌ಎಚ್‌ಎಚ್‌ಗೆ ಕಾರಣ ಅಂತ ಗೊತ್ತಾಗಿದ್ದು 2013ರ ಹೊತ್ತಿಗೆ. ಎಂಇಎನ್1, ಸಿಡಿಸಿ73, ಆರ್‌ಇಟಿ ಸೇರಿದ್ದರೆ ಇನ್ನೂ ಒಳ್ಳೆಯದು.

ರಕ್ತ ಸ್ವಲ್ಪ ಸಾಕು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆಯುತ್ತಾರೆ. ಉಪವಾಸ ಬೇಕಿಲ್ಲ. ರಿಪೋರ್ಟ್ ಬರಲು ವಾರಗಳೇ ಹಿಡಿಯುತ್ತವೆ. ಟ್ಯೂಬ್ ಯಾವ ಊರಿಗೆ ಬೇಕಾದರೂ ಹೋಗುತ್ತದೆ. ಬಂದ ಉತ್ತರವನ್ನು ಕೂತು ವಿವರಿಸುವವರು ಸಿಗುವುದೇ ಕಷ್ಟ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ತೀರ್ಥಹಳ್ಳಿ, ಕೊಪ್ಪದ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಹತ್ತಿರ. ಮಳೆಗಾಲದಲ್ಲಿ ಘಾಟಿಯಲ್ಲಿ ದೊಡ್ಡ ವಾಹನಗಳನ್ನು ನಿಲ್ಲಿಸುವುದುಂಟು, ಹೊರಡುವ ಮೊದಲು ವಿಚಾರಿಸಿ.

ರಿಪೋರ್ಟ್ ಓದುವಾಗ

ಜೀನಿನಲ್ಲಿ ಬದಲಾವಣೆ ಸಿಕ್ಕಿತು ಅಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ. ನಮ್ಮೆಲ್ಲರ ಜೀನುಗಳಲ್ಲೂ ಲಕ್ಷಗಟ್ಟಲೆ ವ್ಯತ್ಯಾಸಗಳಿವೆ. ಸಿಎಎಸ್‌ಆರ್ ಜೀನಿನಲ್ಲೇ ಬಹಳ ಜನರಲ್ಲಿ ಸಾಮಾನ್ಯವಾಗಿ ಇರುವ ಒಂದು ಬದಲಾವಣೆ ಇದೆ. ರಿಪೋರ್ಟಿನಲ್ಲಿ ಎ986ಎಸ್ ಅಂತ ಕಾಣುತ್ತದೆ. ಅದು ಕ್ಯಾಲ್ಸಿಯಂ ಅನ್ನು ಕೂದಲೆಳೆಯಷ್ಟು ಏರಿಸುತ್ತದೆ, ಕಾಯಿಲೆ ಮಾಡುವುದಿಲ್ಲ. ಅದನ್ನು ನೋಡಿ ಎಫ್‌ಎಚ್‌ಎಚ್ ಅಂದುಕೊಳ್ಳಬಾರದು.

ಸಿಕ್ಕಿದ ಪ್ರತಿ ಬದಲಾವಣೆಯನ್ನೂ ಲ್ಯಾಬ್ ಐದು ಮೆಟ್ಟಿಲಲ್ಲಿ ಒಂದರ ಮೇಲೆ ಇಡುತ್ತದೆ. ಒಂದು ತುದಿಯಲ್ಲಿ ಪ್ಯಾಥೋಜೆನಿಕ್, ಅಂದರೆ ಖಂಡಿತ ರೋಗಕಾರಕ. ಆಮೇಲೆ ಬಹುಶಃ ರೋಗಕಾರಕ. ನಡುವೆ ವಿಯುಎಸ್, ಅಂದರೆ ಅರ್ಥ ಇನ್ನೂ ಗೊತ್ತಾಗದ್ದು. ಆಮೇಲೆ ಬಹುಶಃ ನಿರುಪದ್ರವಿ, ಕೊನೆಗೆ ನಿರುಪದ್ರವಿ.

ಅಮ್ಮನ ರಿಪೋರ್ಟಿನಲ್ಲಿ ಸಿಎಎಸ್‌ಆರ್ ಬದಲಾವಣೆ ಒಂದು ಸಿಕ್ಕಿತು. ಪಕ್ಕದಲ್ಲಿ ವಿಯುಎಸ್. ಇಷ್ಟು ಕಾದು, ಇಷ್ಟು ದುಡ್ಡು ಕೊಟ್ಟು, ಕೊನೆಗೆ ‘ಗೊತ್ತಿಲ್ಲ’ ಅನ್ನುವ ಉತ್ತರ. ನನಗೆ ಅಳು ಬಂದಿತ್ತು. ಜೆನೆಟಿಕ್ಸ್ ವೈದ್ಯೆ ನಮ್ಮ ಕ್ಯಾಲೆಂಡರ್ ಹಾಳೆ ಕೇಳಿದರು. ಮೇಜಿನ ಮೇಲೆ ಹರಡಿ, ಕ್ಯಾಲ್ಸಿಯಂ ಜಾಸ್ತಿ ಇದ್ದವರ ಹೆಸರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು. ‘ಇವರೆಲ್ಲರಲ್ಲೂ ಈ ಬದಲಾವಣೆ ಇದೆಯಾ, ಸುತ್ತು ಇಲ್ಲದವರಲ್ಲಿ ಇಲ್ಲವಾ ನೋಡೋಣ’ ಅಂದರು. ಆ ಒಂದೇ ಬದಲಾವಣೆಯನ್ನು ಹುಡುಕುವ ಪರೀಕ್ಷೆ ಎಲ್ಲ ಜೀನುಗಳನ್ನೂ ನೋಡುವ ಪೂರ್ತಿ ಪ್ಯಾನೆಲ್‌ಗಿಂತ ಅಗ್ಗ. ಹೊಸನಗರದ ಚಿಕ್ಕಮ್ಮ, ಸೋದರಮಾವ ಇಬ್ಬರಲ್ಲೂ ಇತ್ತು. ಭದ್ರಾವತಿಯ ಚಿಕ್ಕಮ್ಮನಲ್ಲಿ ಇರಲಿಲ್ಲ. ಬೇರೆ ಸಾಕ್ಷಿಗಳ ಜೊತೆ ಇದೂ ಸೇರಿ, ಪರಿಷ್ಕೃತ ರಿಪೋರ್ಟಿನಲ್ಲಿ ಅದು ‘ಬಹುಶಃ ರೋಗಕಾರಕ’ ಆಯಿತು. ಯಂತ್ರ ಕೊಡದ ಉತ್ತರವನ್ನು ಮೂವರು ಒಡಹುಟ್ಟಿದವರ ತೋಳಿನ ರಕ್ತ ಕೊಟ್ಟಿತು.

ಇನ್ನೊಂದು ಪ್ರಶ್ನೆ ಕೇಳಲು ಮರೆಯಬೇಡಿ: ‘ಈ ಬದಲಾವಣೆ ಭಾರತೀಯರಲ್ಲಿ ಎಷ್ಟು ಸಾಮಾನ್ಯ ಅಂತ ನೋಡಿದ್ದೀರಾ?’ ಜೀನ್ ಮಾಹಿತಿ ಕಣಜಗಳಲ್ಲಿ ಯುರೋಪ್ ಮೂಲದವರದ್ದೇ ಜಾಸ್ತಿ. ಅಲ್ಲಿ ಅಪರೂಪ ಅನ್ನಿಸಿದ್ದು ನಮ್ಮಲ್ಲಿ ಮಾಮೂಲಿ ಇರಬಹುದು. ಮಾಮೂಲಿಯಾದದ್ದು ಅಪರೂಪದ ಕಾಯಿಲೆಗೆ ಕಾರಣ ಆಗಲಾರದು. ಈಗ ನಮ್ಮದೇ ಕಣಜ ಬೆಳೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ದೇಶದ ಸುಮಾರು 10 ಸಾವಿರ ಜನರ ಜೀನೋಮ್ ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು.

ಏನೂ ಸಿಗಲಿಲ್ಲ ಅಂತ ರಿಪೋರ್ಟ್ ಬಂದರೂ ಎಫ್‌ಎಚ್‌ಎಚ್ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಸುಮಾರು ಮೂರನೇ ಎರಡು ಪಾಲು ಕುಟುಂಬಗಳಲ್ಲಿ ಮಾತ್ರ ಸಿಎಎಸ್‌ಆರ್ ಬದಲಾವಣೆ ಸಿಗುತ್ತದೆ. ಆಗ ಮೂತ್ರದ ಲೆಕ್ಕ, ಮನೆಯವರ ಕ್ಯಾಲ್ಸಿಯಂ ಇವೇ ಆಧಾರ.

ಕ್ಯಾಲ್ಸಿಯಂ ಕಡಿಮೆ ಇರುವವರಿಗೆ

ಬೆರಳು, ತುಟಿಯ ಸುತ್ತ ಜುಮ್ಮೆನ್ನುವುದು, ಕೈಬೆರಳು ಸೆಟೆದುಕೊಂಡು ಒಳಕ್ಕೆ ಮಡಚುವುದು, ಫಿಟ್ಸ್. ಇದು ತುರ್ತು, ಆಸ್ಪತ್ರೆಗೆ ಹೋಗಬೇಕು. ಅಪಸ್ಮಾರ ಅಂತ ವರ್ಷಗಟ್ಟಲೆ ಮಾತ್ರೆ ನುಂಗಿದ ಮೇಲೆ ಕ್ಯಾಲ್ಸಿಯಂ ಕಡಿಮೆ ಅಂತ ಗೊತ್ತಾದವರಿದ್ದಾರೆ. ಫಿಟ್ಸ್ ಬಂದವರ ಕ್ಯಾಲ್ಸಿಯಂ ಒಮ್ಮೆಯಾದರೂ ನೋಡಿಸಲೇಬೇಕು.

ಇಲ್ಲಿಯೂ ಪಿಟಿಎಚ್, ವಿಟಮಿನ್ ಡಿ, ಮೆಗ್ನೀಸಿಯಂ, ಫಾಸ್ಫರಸ್ ಒಟ್ಟಿಗೆ ಬೇಕು. ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ಮೆಗ್ನೀಸಿಯಂ ಇಳಿದು, ಅದರಿಂದ ಕ್ಯಾಲ್ಸಿಯಂ ಇಳಿಯಬಹುದು. ಥೈರಾಯ್ಡ್ ಆಪರೇಷನ್ ಆಗಿದ್ದರೆ ಹೇಳಿ. ಮಗುವಿಗೆ ಹೃದಯದ ದೋಷವೋ ಸೀಳಂಗುಳವೋ ಇದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ 22ನೇ ಕ್ರೋಮೋಸೋಮಿನ ಒಂದು ತುಣುಕು ಇಲ್ಲದಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ.

ಅಮ್ಮನ ಜೀನಿಗೆ ತದ್ವಿರುದ್ಧವಾದದ್ದೂ ಇದೆ. ಸಿಎಎಸ್‌ಆರ್ ಬದಲಾವಣೆಯಿಂದ ನಾಲಿಗೆ ಅತಿ ಚುರುಕಾಗುವುದು. ಚೂರು ಕ್ಯಾಲ್ಸಿಯಂ ಇದ್ದರೂ ಗ್ರಂಥಿ ‘ಸಾಕು’ ಅನ್ನುತ್ತದೆ, ಕಿಡ್ನಿ ಹೊರಗೆ ಚೆಲ್ಲುತ್ತದೆ. ರಕ್ತದಲ್ಲಿ ಕಡಿಮೆ, ಮೂತ್ರದಲ್ಲಿ ಜಾಸ್ತಿ. ಇವರಿಗೆ ರಕ್ತದ ಅಂಕಿ ನಾರ್ಮಲ್ ಮಾಡಲೇಬೇಕು ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ ಸುರಿದರೆ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಹಾಗಾಗಿ ಚಿಕಿತ್ಸೆ ಶುರು ಮಾಡುವ ಮೊದಲು ಒಮ್ಮೆ ಮೂತ್ರದ ಕ್ಯಾಲ್ಸಿಯಂ ನೋಡಿಸಿ.

ಉತ್ತರ ಸಿಕ್ಕ ಮೇಲೆ

ಎಫ್‌ಎಚ್‌ಎಚ್ ಅಂತ ಗೊತ್ತಾದವರು ಹಾಲು, ರಾಗಿ, ಮಜ್ಜಿಗೆ ಬಿಡಬೇಕಿಲ್ಲ. ಅಮ್ಮ ಭಯಕ್ಕೆ ಐದು ತಿಂಗಳು ತಂಬುಳಿಯನ್ನೇ ತಿಂದಿರಲಿಲ್ಲ. ಎಲೆ ಅಡಿಕೆಯ ಸುಣ್ಣ ಮಾತ್ರ ಕಡಿಮೆ ಮಾಡು ಅಂದರು. ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣ, ಕವಳವನ್ನೇ ಬಿಟ್ಟರೆ ಒಳ್ಳೆಯದು ಅಂತಲೂ ಹೇಳಿದರು. ಎಂಟು ಕವಳ ಮೂರಕ್ಕೆ ಇಳಿದಿದೆ.

ಮನೆತನದ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಹೆರಿಗೆ ಡಾಕ್ಟರಿಗೂ ಮಕ್ಕಳ ಡಾಕ್ಟರಿಗೂ ಮೊದಲೇ ಹೇಳಬೇಕು. ತಾಯಿಗೆ ಎಫ್‌ಎಚ್‌ಎಚ್ ಇದ್ದು ಮಗುವಿಗೆ ಅದು ಬರದಿದ್ದರೆ, ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಕ್ಯಾಲ್ಸಿಯಂ ಇಳಿಯಬಹುದು. ಹೊಟ್ಟೆಯಲ್ಲಿದ್ದಾಗ ತಾಯಿಯ ಜಾಸ್ತಿ ಕ್ಯಾಲ್ಸಿಯಂ ನೋಡಿ ಮಗುವಿನ ಗ್ರಂಥಿ ಮಲಗಿರುತ್ತದೆ.

ಎರಡು ಗೆರೆ ಎಳೆಯಿರಿ ಅಂದಿದ್ದು ಇದಕ್ಕೆ. ಸೋದರಮಾವನ ಜೊತೆ, ಸೋದರತ್ತೆಯ ಮಗನ ಜೊತೆ ಮದುವೆಯಾದರೆ ಗಂಡ ಹೆಂಡತಿ ಇಬ್ಬರಿಗೂ ಮನೆತನದ ಒಬ್ಬರೇ ಹಿರಿಯರಿಂದ ಅದೇ ಬದಲಾವಣೆ ಬಂದಿರಬಹುದು. ಆಗ ನಾಲ್ಕರಲ್ಲಿ ಒಂದು ಮಗುವಿಗೆ ಎರಡು ಪ್ರತಿಯೂ ಬರುವ ಸಾಧ್ಯತೆ ಇರುತ್ತದೆ. ಒಂದು ಪ್ರತಿ ಸಾಧು. ಎರಡೂ ಸೇರಿದರೆ ನವಜಾತ ಶಿಶುವಿನ ಕ್ಯಾಲ್ಸಿಯಂ ವಿಪರೀತ ಏರಿ ಜೀವಕ್ಕೇ ಅಪಾಯ. ಹೀಗಿರುವ ಮನೆಯವರು ಮದುವೆ ಮಾತುಕತೆಗೆ ಮೊದಲು ಇಬ್ಬರ ಕ್ಯಾಲ್ಸಿಯಂ ನೋಡಿಸಲಿ, ಜೆನೆಟಿಕ್ಸ್ ವೈದ್ಯರ ಹತ್ತಿರ ಒಮ್ಮೆ ಕೂತು ಮಾತಾಡಲಿ.

ಕೊನೆಯ ಕೆಲಸ, ಒಂದು ಚೀಟಿ. ನಾಳೆ ಬೇರೆ ಯಾವುದಕ್ಕೋ ಆಸ್ಪತ್ರೆ ಸೇರಿದಾಗ ಹೊಸ ಡಾಕ್ಟರು ಮತ್ತೆ ‘ಕ್ಯಾಲ್ಸಿಯಂ ಜಾಸ್ತಿ’ ಅಂತ ಅದೇ ದಾರಿ ಹಿಡಿಯಬಾರದು. ನಾವು ಅಂಚೆ ಕಾರ್ಡಿನಷ್ಟು ದೊಡ್ಡ ಹಾಳೆಯಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಮೂರೂ ಜನಕ್ಕೆ ಕೊಟ್ಟಿದ್ದೇವೆ. ಅಮ್ಮನದು ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿದೆ. ಅದರಲ್ಲಿ ಇರುವುದು ಇಷ್ಟು: ‘ಇವರಿಗೆ ಎಫ್‌ಎಚ್‌ಎಚ್ ಇದೆ. ಸಿಎಎಸ್‌ಆರ್ ಜೀನಿನಲ್ಲಿ ಬದಲಾವಣೆ ಇದೆ, ರಿಪೋರ್ಟ್ ಮನೆಯಲ್ಲಿದೆ. ಸಾಮಾನ್ಯ ಕ್ಯಾಲ್ಸಿಯಂ 10.7ರಿಂದ 11. ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಬೇರೆ ಕಾರಣ ಹುಡುಕಿ. ಪ್ಯಾರಾಥೈರಾಯ್ಡ್ ಆಪರೇಷನ್ ತೀರ್ಮಾನಿಸುವ ಮೊದಲು ಮಗಳಿಗೆ ಫೋನ್ ಮಾಡಿ.’ ಕೆಳಗೆ ನನ್ನ ನಂಬರ್.